ಕಟ್ಟಿದ್ದೂ ಪೆಟ್ಟಿಗೆ, ಕೆಡವಿದ್ದೂ ಪೆಟ್ಟಿಗೆ

ಹೊಸ ಆವಿಷ್ಕಾರ ಎಂದೊಡನೆ ಪ್ರಯೋಗಾಲಯ, ವಿಜ್ಞಾನಿ, ಜಟಿಲ ಯಂತ್ರ ಇವೇ ಕಣ್ಣ ಮುಂದೆ ಬರುತ್ತವೆ. ಆದರೆ ಎರಡನೇ ಮಹಾಯುದ್ಧದ ನಂತರ ಜಗತ್ತಿನ ವ್ಯಾಪಾರದ ಸ್ವರೂಪವನ್ನೇ ಬದಲಿಸಿದ ವಸ್ತುಗಳಲ್ಲಿ ಒಂದು, ಬರಿಯ ಲೋಹದ ಪೆಟ್ಟಿಗೆ. ಅದೇ ಇಂದು ಬಂದರು, ಹೆದ್ದಾರಿಗಳಲ್ಲೆಲ್ಲ ಕಾಣುವ ಕಂಟೇನರ್. ಬಂಡವಾಳಶಾಹಿ ಅರ್ಥವ್ಯವಸ್ಥೆ ಬೆಳೆಯುವುದು ಹೇಗೆ, ಆ ಬೆಳವಣಿಗೆಗೆ ಬೆಲೆ ತೆರುವವರು ಯಾರು ಎಂಬ ಎರಡು ಪ್ರಶ್ನೆಗಳಿಗೂ ಅದರ ಚರಿತ್ರೆ ಉತ್ತರ ಹೇಳುತ್ತದೆ.

1950ರ ದಶಕದವರೆಗೂ ಹಡಗಿಗೆ ಸರಕು ತುಂಬುವುದೆಂದರೆ ಮೈಮುರಿಯುವ ದುಡಿಮೆ. ಮೂಟೆ, ಪೀಪಾಯಿ, ಮರದ ಪೆಟ್ಟಿಗೆ ಹೀಗೆ ಒಂದೊಂದನ್ನೂ ಲಾರಿಯಿಂದ ಇಳಿಸಿ, ಉಗ್ರಾಣದಲ್ಲಿರಿಸಿ, ಮತ್ತೆ ಎತ್ತಿ ಹಡಗಿನ ಒಡಲಿನಲ್ಲಿ ಜೋಡಿಸಬೇಕಿತ್ತು. ಹಡಗುಗಳು ದಿನಗಟ್ಟಲೆ ಬಂದರಿನಲ್ಲೇ ಕಾಯುತ್ತಿದ್ದವು. ಕಳವು, ಒಡೆತಗಳ ನಷ್ಟ ಬೇರೆ.

ಇದಕ್ಕೆ ದಾರಿ ಕಂಡವನು ಎಂಜಿನಿಯರ್ ಅಲ್ಲ. ಅಮೆರಿಕದ ಉತ್ತರ ಕೆರೊಲಿನಾದ ಲಾರಿ ಮಾಲೀಕ ಮಾಲ್ಕಂ ಮೆಕ್‌ಲೀನ್. ಸರಕನ್ನು ಮತ್ತೆ ಮತ್ತೆ ಇಳಿಸಿ ಏರಿಸುವ ಬದಲು, ಲಾರಿಯ ಪೆಟ್ಟಿಗೆಯನ್ನೇ ಗಾಲಿಗಳಿಂದ ಬೇರ್ಪಡಿಸಿ ಹಡಗಿಗೆ ಏರಿಸಿದರಾಯಿತು ಎಂಬುದು ಆತನ ಯೋಚನೆ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಳೆಯ ತೈಲವಾಹಕ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ ಹೊರಟಿತು. ಬಿಡಿ ಸರಕು ತುಂಬಲು ಟನ್ನಿಗೆ ಸುಮಾರು 6 ಡಾಲರ್ ತಗಲುತ್ತಿದ್ದ ಕಾಲದಲ್ಲಿ ಇಲ್ಲಿ ತಗುಲಿದ್ದು ಸುಮಾರು 16 ಸೆಂಟ್.

ಸರಕನ್ನು ಪೆಟ್ಟಿಗೆಯಲ್ಲಿ ತುಂಬಿ ಸಾಗಿಸುವ ಪ್ರಯತ್ನಗಳು ಮೊದಲೂ ನಡೆದಿದ್ದವು. ಹಡಗು, ಕ್ರೇನ್, ಲಾರಿ, ಬಂದರು ಇವೆಲ್ಲವನ್ನೂ ಪೆಟ್ಟಿಗೆಯ ಅಳತೆಗೆ ಒಗ್ಗಿಸಿದ್ದು ಮೆಕ್‌ಲೀನ್‌ನ ಸಾಧನೆ. 1960ರ ದಶಕದಲ್ಲಿ ಪೆಟ್ಟಿಗೆಯ ಅಳತೆಗಳಿಗೆ ಅಂತರರಾಷ್ಟ್ರೀಯ ಒಪ್ಪಿಗೆ ದೊರೆತ ಮೇಲೆ ಯಾವ ದೇಶದ ಪೆಟ್ಟಿಗೆಯಾದರೂ ಯಾವ ಹಡಗಿಗಾದರೂ ಏರುವಂತಾಯಿತು. ಸಾಗಣೆ ಅಗ್ಗವಾಯಿತು, ಕಾರ್ಖಾನೆ ಒಂದು ಖಂಡದಲ್ಲಿ, ಗಿರಾಕಿ ಇನ್ನೊಂದು ಖಂಡದಲ್ಲಿ ಇರುವುದು ಲಾಭದ ಮಾತಾಯಿತು.

ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1942ರಲ್ಲೇ ಇಂಥ ಪ್ರಕ್ರಿಯೆಯನ್ನು ‘ಸೃಜನಶೀಲ ವಿನಾಶ’ ಎಂದು ಕರೆದಿದ್ದ. ಹೊಸದು ಹಳೆಯದರ ಪಕ್ಕದಲ್ಲಿ ಸುಮ್ಮನೆ ಬಂದು ಕೂರುವುದಿಲ್ಲ, ಅದನ್ನು ಎಬ್ಬಿಸಿ ಕಳಿಸುತ್ತದೆ ಎಂಬುದು ಇದರ ತಾತ್ಪರ್ಯ. ಮ್ಯಾನ್‌ಹಟನ್, ಬ್ರೂಕ್ಲಿನ್‌ಗಳ ಹಡಗುಕಟ್ಟೆಗಳು ಬರಿದಾದವು. ಲಂಡನ್ನಿನ ಹಳೆಯ ಹಡಗುಕಟ್ಟೆಗಳು 1967ರಿಂದ 1981ರೊಳಗೆ ಒಂದೊಂದಾಗಿ ಮುಚ್ಚಿದವು. ತಲೆಮಾರುಗಳಿಂದ ಅಲ್ಲಿ ದುಡಿದವರ ಕೈಚಳಕಕ್ಕೆ ಬೆಲೆ ಇಲ್ಲವಾಯಿತು. ಅಗ್ಗದ ಸಾಗಣೆಯ ಲಾಭ ಕೋಟ್ಯಂತರ ಗಿರಾಕಿಗಳಿಗೆ ಕಾಸು ಕಾಸಾಗಿ ಹಂಚಿಹೋದರೆ, ನಷ್ಟವೆಲ್ಲ ಬಂದರಿನ ಕೆಲವೇ ಕೇರಿಗಳ ಮೇಲೆ ಬಿತ್ತು.

ಎಲ್ಲೆಡೆಯೂ ಹೀಗೆಯೇ ಆಗಲಿಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹ್ಯಾರಿ ಬ್ರಿಜಸ್ ನೇತೃತ್ವದ ಕಾರ್ಮಿಕ ಸಂಘ 1960ರಲ್ಲಿ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡಿತು. ಯಂತ್ರಗಳನ್ನು ತರಲು ಅಡ್ಡಿಯಿಲ್ಲ. ಬದಲಿಗೆ ನೋಂದಾಯಿತ ಕೆಲಸಗಾರರಿಗೆ ಉದ್ಯೋಗ ಭದ್ರತೆ ಮತ್ತು ಬೇಗ ನಿವೃತ್ತರಾಗುವವರಿಗೆ ಹಣ ಬೇಕು ಎಂಬುದು ಅದರ ಸಾರ.

ವಿನಾಶ ಸೃಷ್ಟಿಕರ್ತನನ್ನೂ ಬಿಡಲಿಲ್ಲ. ತೈಲ ದುಬಾರಿಯಾಗಿಯೇ ಇರುತ್ತದೆಂದು ನಂಬಿ ಮೆಕ್‌ಲೀನ್ 12 ಬೃಹತ್, ನಿಧಾನಗತಿಯ ಹಡಗುಗಳನ್ನು ಕಟ್ಟಿಸಿದ. ತೈಲದ ಬೆಲೆ ಕುಸಿಯಿತು. 1986ರಲ್ಲಿ ಆತನ ಕಂಪೆನಿ ದಿವಾಳಿಯಾಯಿತು.

2025ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಫಿಲಿಪ್ ಅಗಿಯೋನ್ ಮತ್ತು ಪೀಟರ್ ಹೊವಿಟ್ ಶುಂಪೀಟರ್‌ನ ವಿಚಾರಕ್ಕೆ ಗಣಿತದ ರೂಪ ಕೊಟ್ಟವರು. ಜೋಯೆಲ್ ಮೋಕಿರ್ ಇತಿಹಾಸದಿಂದ ಬೆಳವಣಿಗೆಯ ಕಾರಣಗಳನ್ನು ಹೆಕ್ಕಿದವರು. ಹೊಸದಕ್ಕೆ ಸಮಾಜ ತೆರೆದುಕೊಂಡಿರಬೇಕು ಎಂಬುದು ಅವರ ಅಧ್ಯಯನಗಳ ಒಂದು ಮುಖ್ಯ ತಿಳಿವಳಿಕೆ. ಕೆಲಸ ಕಳೆದುಕೊಳ್ಳುವವನಿಗೆ ನಾಳೆಯ ಭರವಸೆ ಇಲ್ಲದಿದ್ದರೆ ಅವನು ಹೊಸದನ್ನು ತಡೆಯಲು ನಿಲ್ಲುವುದು ಸಹಜ. ಬ್ರಿಜಸ್ ಒಪ್ಪಂದ ಕೊಟ್ಟದ್ದು ಆ ಭರವಸೆಯನ್ನೇ.