ಮಕ್ಕಳ ಮಿದುಳು ಗಡ್ಡೆ: ದಾನದಿಂದ ದೊರೆತ ಅರಿವು

ದೇಹವನ್ನು ಕಣ್ಣಾರೆ ಕಂಡಲ್ಲದೆ ವೈದ್ಯನ ಅರಿವು ಪೂರ್ಣವಾಗದೆಂದು ಸುಶ್ರುತ ಸಂಹಿತೆ ಸಾರುತ್ತದೆ. ಆದರೆ ಮಕ್ಕಳನ್ನು ಬಾಧಿಸುವ ಒಂದು ಮಿದುಳು ಗಡ್ಡೆಯ ವಿಷಯದಲ್ಲಿ ಈ ಪ್ರತ್ಯಕ್ಷ ದರ್ಶನವೇ ಬಹುಕಾಲ ದುರ್ಲಭವಾಗಿತ್ತು.

ಡಿ.ಐ.ಪಿ.ಜಿ. ಎಂದು ಕರೆಯಲ್ಪಡುವ ಈ ಗಡ್ಡೆಯು ಮಿದುಳುಕಾಂಡದ ಪಾನ್ಸ್ ಎಂಬ ಭಾಗದಲ್ಲಿ ಹುಟ್ಟುತ್ತದೆ. ಹಾಲಿನಲ್ಲಿ ನೀರು ಬೆರೆತಂತೆ ನರತಂತುಗಳ ನಡುವೆ ಹರಡುವುದರಿಂದ ಶಸ್ತ್ರಚಿಕಿತ್ಸೆಯಿಂದ ಇದನ್ನು ತೆಗೆಯಲಾಗದು. ವಿಕಿರಣ ಚಿಕಿತ್ಸೆಯಿಂದ ದೊರೆಯುವುದು ಕೆಲವು ತಿಂಗಳುಗಳ ಉಪಶಮನ ಮಾತ್ರ. ಚಂದ್ರನ ಮೇಲೆ ಮೊದಲು ಕಾಲಿರಿಸಿದ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಪುಟ್ಟ ಮಗಳು 1962ರಲ್ಲಿ ತೀರಿಕೊಂಡದ್ದೂ ಇಂತಹ ಗಡ್ಡೆಯಿಂದಲೇ.

ಪರೀಕ್ಷೆಗಾಗಿ ಚೂರು ತೆಗೆಯುವುದೂ ಅಪಾಯಕರವೆಂದು ಭಾವಿಸಿದ್ದರಿಂದ ಸಂಶೋಧಕರ ಕೈಗೆ ಈ ಗಡ್ಡೆಯ ಜೀವಕೋಶಗಳು ಸಿಗುತ್ತಿದ್ದುದು ಅಪರೂಪ. ಇಲ್ಲಿ ದಾರಿ ತೆರೆದವರು ಮಗುವನ್ನು ಕಳೆದುಕೊಂಡ ತಂದೆತಾಯಿಗಳು. ಮರಣಾನಂತರ ಅವರು ದಾನವಿತ್ತ ಗಡ್ಡೆಯಿಂದ ಜೀವಕೋಶಗಳನ್ನು ಬೆಳೆಸಿದ ವಿಧಾನವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ಮಿಶೆಲ್ ಮೊಂಜೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಗಡ್ಡೆಯ ತುಣುಕನ್ನು ಬಿಡಿ ಕೋಶಗಳಾಗಿಸಿ, ಪೋಷಕ ದ್ರವದಲ್ಲಿ, ದೇಹದಷ್ಟೇ ಬೆಚ್ಚಗಿರಿಸಿದರೆ ಅವು ವಿಭಜನೆ ಹೊಂದುತ್ತ ಸಣ್ಣ ಗೋಳಗಳಾಗಿ ಬೆಳೆಯುತ್ತವೆ. ಹೀಗೆ ಬೆಳೆಸಿದ ಕೋಶಗಳ ಮೇಲೆ 83 ಔಷಧಗಳನ್ನು ಪರೀಕ್ಷಿಸಿದ ವರದಿ 2015ರಲ್ಲಿ ಬಂದಿತು. ಕೋಶಗಳ ಹೊರಮೈಯಲ್ಲಿ ಜಿಡಿ2 ಎಂಬ ಗುರುತು ಹೇರಳವಾಗಿರುವುದು 2018ರಲ್ಲಿ ತಿಳಿಯಿತು. ಆ ಗುರುತನ್ನು ಹುಡುಕಿ ದಾಳಿಮಾಡುವಂತೆ ರೋಗಿಯ ಬಿಳಿರಕ್ತಕಣಗಳನ್ನೇ ಮಾರ್ಪಡಿಸಿ ನೀಡಿದಾಗ, 2022ರ ವರದಿಯಂತೆ, ಮೊದಲ ನಾಲ್ವರಲ್ಲಿ ಮೂವರಿಗೆ ಸುಧಾರಣೆ ಕಂಡಿತು. ಇದಿನ್ನೂ ಪ್ರಯೋಗದ ಹಂತದಲ್ಲಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಅರಿಶಿನದ ಸಾರವು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂಬ ಸುದ್ದಿಯನ್ನು ಭಕ್ತರು ಓದಿರಬಹುದು. ಗಾಜಿನ ತಟ್ಟೆಯಲ್ಲಿ ಕೋಶ ಸತ್ತ ಮಾತ್ರಕ್ಕೆ ಮಗು ಗುಣವಾಗದು. ರಕ್ತದಲ್ಲಿನ ಬಹುತೇಕ ಔಷಧಗಳು ಮಿದುಳನ್ನು ಪ್ರವೇಶಿಸದಂತೆ ತಡೆಯುವ ಗೋಡೆಯೊಂದು ದೇಹದಲ್ಲಿಯೇ ಇದೆ. ಕೋಶಗಳ ಪರೀಕ್ಷೆಯು ಮೊದಲ ಮೆಟ್ಟಿಲು ಮಾತ್ರ.

ಆದುದರಿಂದ ಆಯುರ್ವೇದ ವೈದ್ಯರಾದ ನಾವು ಸ್ಪಷ್ಟವಾಗಿ ಹೇಳುವುದಿಷ್ಟು: ಮಗುವಿಗೆ ಹೊಸದಾಗಿ ಮೆಳ್ಳೆಗಣ್ಣು, ಮುಖದ ಒಂದು ಬದಿ ಸೊಟ್ಟಗಾಗುವುದು, ನಡಿಗೆಯಲ್ಲಿ ತೂರಾಟ, ನುಂಗಲು ತೊಂದರೆ, ಬೆಳಗಿನ ತಲೆನೋವಿನೊಡನೆ ವಾಂತಿ ಕಂಡರೆ ಕಷಾಯ, ತಾಯತಗಳಲ್ಲಿ ದಿನ ಕಳೆಯದೆ ನರರೋಗ ತಜ್ಞರಿರುವ ಆಸ್ಪತ್ರೆಗೆ ಒಯ್ಯಬೇಕು. ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರಬಹುದು. ಅದನ್ನು ಎಂ.ಆರ್.ಐ. ಮುಂತಾದ ಪರೀಕ್ಷೆಗಳಿಂದಲೇ ನಿರ್ಣಯಿಸಬೇಕು.

ದಾಸೋಹವೆಂದರೆ ಅನ್ನವಷ್ಟೇ ಅಲ್ಲ. ತಮ್ಮ ಮಗುವಿಗೆ ದಕ್ಕದ ಚಿಕಿತ್ಸೆ ಇನ್ನೊಬ್ಬರ ಮಗುವಿಗಾದರೂ ದಕ್ಕಲೆಂದು ದುಃಖದ ನಡುವೆಯೂ ದಾನವಿತ್ತ ಆ ತಂದೆತಾಯಿಗಳದ್ದು ಅರಿವಿನ ದಾಸೋಹ.