ಒಂಬತ್ತು ಕಿರೀಟ, ಮೂರು ಹಣೆಬರಹ

2025ರ ನವೆಂಬರ್ 1ರ ರಾತ್ರಿ ಟೊರಾಂಟೊದಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಹನ್ನೊಂದನೇ ಇನಿಂಗ್ಸ್‌ವರೆಗೆ ಎಳೆಯಿತು. ಕೊನೆಗೆ ಡಾಡ್ಜರ್ಸ್ 5–4ರಿಂದ ಬ್ಲೂ ಜೇಸ್ ತಂಡವನ್ನು ಮಣಿಸಿತು. ಅದು ಸತತ ಎರಡನೇ ಪ್ರಶಸ್ತಿ, ಒಟ್ಟಾರೆ ಒಂಬತ್ತನೆಯದು. ಅಲ್ಲಿಗೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಸರಿಯಾಗಿ ಒಂಬತ್ತು ಸಲ ಗೆದ್ದ ತಂಡಗಳು ಮೂರಾದವು: ಬಾಸ್ಟನ್ ರೆಡ್ ಸಾಕ್ಸ್, ಲಾಸ್ ಏಂಜಲೀಸ್ ಡಾಡ್ಜರ್ಸ್ ಮತ್ತು ಅಥ್ಲೆಟಿಕ್ಸ್.

ಲೆಕ್ಕದ ಪ್ರಕಾರ ಮೂರೂ ಒಂದೇ ಮೆಟ್ಟಿಲ ಮೇಲೆ ನಿಲ್ಲಬೇಕು. ಆದರೆ ಬೇಸ್‌ಬಾಲ್ ಬಲ್ಲವರು ತಂಡಗಳ ಘನತೆಯ ಪಟ್ಟಿ ಬರೆಯಲು ಕುಳಿತರೆ ಮೊದಲೆರಡು ಹೆಸರು ಸಲೀಸಾಗಿ ಮೇಲಕ್ಕೆ ಹೋಗುತ್ತವೆ. ಮೂರನೆಯದು ಎಷ್ಟೋ ಕೆಳಗೆ ಉಳಿಯುತ್ತದೆ. ಗೆದ್ದ ಕಪ್ಪುಗಳ ಸಂಖ್ಯೆ ಒಂದೇ ಆಗಿದ್ದೂ ಮರ್ಯಾದೆ ಬೇರೆಯಾದದ್ದು ಹೇಗೆ? ಈ ಶ್ರೇಣಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ನೂರೈವತ್ತು ವರ್ಷಗಳಲ್ಲಿ ಒಂದೊಂದು ಘಟನೆಯೂ ಒಂದೊಂದು ಅಳತೆಗೋಲನ್ನು ಬಿಟ್ಟುಹೋಗಿದೆ.

ಮೊದಲ ಅಳತೆಗೋಲು ಸಂಬಳ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತನ್ನ ಎಲ್ಲ ಆಟಗಾರರಿಗೂ ಸಂಬಳ ಕೊಡುತ್ತೇನೆಂದು ಬಹಿರಂಗವಾಗಿ ಸಾರಿ ಕಣಕ್ಕಿಳಿದ ಮೊದಲ ತಂಡ. ಅದನ್ನು ಕಟ್ಟಿದ ಹ್ಯಾರಿ ರೈಟ್ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬೇಸ್‌ಬಾಲ್‌ಗೆ ಬರುವ ಮುನ್ನ ಅವನು ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ಲಬ್ಬಿನ ಕ್ರಿಕೆಟಿಗ. ಆ ವರ್ಷ ಅವನ ತಂಡ ಊರೂರು ಸುತ್ತಿ ಒಂದು ಪಂದ್ಯವನ್ನೂ ಸೋಲಲಿಲ್ಲ. 1870ರ ಜೂನ್‌ನಲ್ಲಿ ಬ್ರೂಕ್ಲಿನ್ ಅಟ್ಲಾಂಟಿಕ್ಸ್ ಎದುರು 8–7ರಿಂದ ಸೋತ ಮೇಲೆ ಜನರ ಆಸಕ್ತಿ ಇಳಿಯಿತು, ವರ್ಷದ ಕೊನೆಗೆ ತಂಡವೇ ಒಡೆಯಿತು. ರೈಟ್ ಕೆಲವು ಆಟಗಾರರ ಜೊತೆಗೆ ತಂಡದ ಹೆಸರನ್ನೂ ಹೊತ್ತು ಬಾಸ್ಟನ್‌ಗೆ ಹೋದ. ಅಲ್ಲಿ ಕಟ್ಟಿದ ಆ ತಂಡವೇ ಮುಂದೆ ಮಿಲ್ವಾಕಿಗೆ, ಅಲ್ಲಿಂದ ಅಟ್ಲಾಂಟಾಕ್ಕೆ ಹೋಗಿ ಇಂದಿನ ಬ್ರೇವ್ಸ್ ಆಗಿದೆ. 1871ರಿಂದ ಒಂದು ವರ್ಷವೂ ಬಿಡದೆ ಆಡಿದ ವೃತ್ತಿಪರ ತಂಡ ಅದೊಂದೇ. ಶಿಕಾಗೋ ಕಬ್ಸ್‌ಗೂ ಅಷ್ಟೇ ವಯಸ್ಸು. ಆದರೆ 1871ರ ಅಕ್ಟೋಬರಿನಲ್ಲಿ ಶಿಕಾಗೋ ನಗರ ಬೆಂಕಿಗೆ ಆಹುತಿಯಾದ್ದರಿಂದ ಅದು ಎರಡು ಋತು ಆಡಲಾಗಲಿಲ್ಲ.

1876ರ ಫೆಬ್ರುವರಿಯಲ್ಲಿ ಶಿಕಾಗೋದ ವಿಲಿಯಂ ಹಲ್ಬರ್ಟ್ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕ್ಲಬ್ಬುಗಳ ಮಾಲೀಕರನ್ನು ಸೇರಿಸಿ ನ್ಯಾಷನಲ್ ಲೀಗ್ ಹುಟ್ಟುಹಾಕಿದ. ಇಂದು ನಾವು ಫ್ರಾಂಚೈಸಿ ಎನ್ನುವ ವ್ಯವಸ್ಥೆಯ ಬೇರು ಇಲ್ಲಿದೆ. ಒಂದು ನಗರಕ್ಕೆ ಒಂದೇ ತಂಡ, ಆ ನಗರದ ಮೇಲೆ ಅದಕ್ಕೇ ಹಕ್ಕು, ಒಪ್ಪಿಕೊಂಡ ಪಂದ್ಯಗಳನ್ನು ಆಡಿ ಮುಗಿಸಲೇಬೇಕು. ದೂರದೂರಿಗೆ ಹೋಗಿ ಆಡದ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ತಂಡಗಳನ್ನು ಹಲ್ಬರ್ಟ್ ಮೊದಲ ವರ್ಷವೇ ಹೊರಹಾಕಿದ. ದೇಶದ ಎರಡು ದೊಡ್ಡ ನಗರಗಳನ್ನು ಕಳೆದುಕೊಳ್ಳಲು ಲೀಗ್ ಸಿದ್ಧವಾಗಿತ್ತು ಎಂಬುದು ಸಣ್ಣ ಮಾತಲ್ಲ. ಲೀಗ್ ಶುರುವಾದಾಗ ಇದ್ದ ಎಂಟು ತಂಡಗಳ ಪೈಕಿ ಇಂದು ಉಳಿದಿರುವವು ಬ್ರೇವ್ಸ್ ಮತ್ತು ಕಬ್ಸ್ ಮಾತ್ರ.

ಮುಂದಿನ ಅಳತೆಗೋಲು ವರ್ಲ್ಡ್ ಸೀರೀಸ್. 1901ರಲ್ಲಿ ಬ್ಯಾನ್ ಜಾನ್ಸನ್ ಅಮೆರಿಕನ್ ಲೀಗನ್ನು ಪ್ರತಿಸ್ಪರ್ಧಿಯಾಗಿ ನಿಲ್ಲಿಸಿದ. 1903ರಲ್ಲಿ ಎರಡೂ ಲೀಗುಗಳ ಅಗ್ರ ತಂಡಗಳು ಮುಖಾಮುಖಿಯಾದವು. ಹೊಸ ಲೀಗಿನ ಬಾಸ್ಟನ್ ತಂಡ ಐದು ಪಂದ್ಯ ಗೆದ್ದು ಪಿಟ್ಸ್‌ಬರ್ಗನ್ನು ಸೋಲಿಸಿತು. ಮರುವರ್ಷ ನ್ಯೂಯಾರ್ಕ್ ಜೈಂಟ್ಸ್ ತಂಡದ ಮ್ಯಾನೇಜರ್ ಜಾನ್ ಮೆಗ್ರಾ ಮತ್ತು ಮಾಲೀಕ ಜಾನ್ ಬ್ರಷ್ ಹೊಸ ಲೀಗಿನ ತಂಡದ ಜೊತೆ ಆಡುವುದು ತಮ್ಮ ಘನತೆಗೆ ಕುಂದು ಎಂದು ನಿರಾಕರಿಸಿದರು. ಹಾಗಾಗಿ 1904ರಲ್ಲಿ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಟೀಕೆಗೆ ಮಣಿದು 1905ರಲ್ಲಿ ಜೈಂಟ್ಸ್ ಆಡಿತು, ಗೆದ್ದಿತು ಕೂಡ. ಅಂದಿನಿಂದ ವರ್ಲ್ಡ್ ಸೀರೀಸ್ ನಿಂತದ್ದು ಒಮ್ಮೆ ಮಾತ್ರ, 1994ರ ಆಟಗಾರರ ಮುಷ್ಕರದಲ್ಲಿ. ಈ ಸರಣಿ ಖಾಯಂ ಆದ ಮೇಲೆ ತಂಡಗಳನ್ನು ಅಳೆಯಲು ಎಲ್ಲರೂ ಒಪ್ಪುವ ಒಂದು ಸಂಖ್ಯೆ ಸಿಕ್ಕಿತು.

ಆ ಸಂಖ್ಯೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಹತ್ತಿರಕ್ಕೂ ಯಾರೂ ಬರುವುದಿಲ್ಲ. 27 ಪ್ರಶಸ್ತಿ. ಎರಡನೇ ಸ್ಥಾನದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ 11ರಲ್ಲೇ ನಿಂತಿದೆ. ಆದರೆ ಯಾಂಕೀಸ್ ಹುಟ್ಟಿನಿಂದ ಶ್ರೀಮಂತ ಮನೆತನವಲ್ಲ. ಬಾಲ್ಟಿಮೋರ್‌ನಲ್ಲಿ ಸೊರಗಿದ್ದ ಫ್ರಾಂಚೈಸಿಯನ್ನು 1903ರಲ್ಲಿ 18,000 ಡಾಲರಿಗೆ ಕೊಂಡು ನ್ಯೂಯಾರ್ಕಿಗೆ ತರಲಾಯಿತು. ಮೊದಲ ಎರಡು ದಶಕ ಅದರ ಕೈಗೆ ವರ್ಲ್ಡ್ ಸೀರೀಸ್ ದಕ್ಕಲಿಲ್ಲ. 1919ರ ಡಿಸೆಂಬರಿನಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಮಾಲೀಕ ಹ್ಯಾರಿ ಫ್ರೇಝೀ ಒಂದು ಲಕ್ಷ ಡಾಲರ್ ಪಡೆದು ಬೇಬ್ ರೂತ್‌ನನ್ನು ಯಾಂಕೀಸ್‌ಗೆ ಮಾರಿದ. ಜೊತೆಗೆ ಬಾಸ್ಟನ್‌ನ ಫೆನ್‌ವೇ ಪಾರ್ಕ್ ಮೈದಾನದ ಮೇಲೆ ಸಾಲವನ್ನೂ ಪಡೆದ. 1923ರ ಏಪ್ರಿಲ್ 18ರಂದು ಯಾಂಕೀ ಸ್ಟೇಡಿಯಂ ತೆರೆದಾಗ ಎದುರಾಳಿಯಾಗಿ ಬಂದದ್ದು ಅದೇ ಬಾಸ್ಟನ್. ರೂತ್ ಹೋಮ್ ರನ್ ಹೊಡೆದ, ಯಾಂಕೀಸ್ 4–1ರಿಂದ ಗೆದ್ದಿತು. ಆ ವರ್ಷದ ಕೊನೆಗೆ ಮೊದಲ ವರ್ಲ್ಡ್ ಸೀರೀಸ್ ಕೈಸೇರಿತು. 1921ರಿಂದ 1964ರವರೆಗಿನ 44 ವರ್ಷಗಳಲ್ಲಿ ಅದು 29 ಸಲ ಲೀಗ್ ಚಾಂಪಿಯನ್, 20 ಸಲ ವರ್ಲ್ಡ್ ಸೀರೀಸ್ ವಿಜೇತ.

ಗೆಲುವಿನಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು ಯಾಂಕೀಸ್ ಮಾಡಿತು: ನೆನಪನ್ನು ಜೋಪಾನ ಮಾಡಿತು. 1929ರಲ್ಲಿ ಆಟಗಾರರ ಬೆನ್ನಿಗೆ ಬ್ಯಾಟಿಂಗ್ ಸರದಿಯ ಪ್ರಕಾರ ಅಂಕಿ ಬರೆಸಿತು. ಮೂರನೆಯವನಾಗಿ ಆಡುತ್ತಿದ್ದ ರೂತ್‌ಗೆ 3, ಅವನ ಹಿಂದಿನ ಲೂ ಗೆರಿಗ್‌ಗೆ 4. ಮಾರಕ ನರರೋಗಕ್ಕೆ ತುತ್ತಾಗಿ ಗೆರಿಗ್ 1939ರಲ್ಲಿ ಆಟ ಬಿಟ್ಟಾಗ ಆ ನಾಲ್ಕನ್ನು ಇನ್ನಾರಿಗೂ ಕೊಡಕೂಡದೆಂದು ನಿರ್ಧರಿಸಲಾಯಿತು. ಎರಡೂ ಲೀಗುಗಳು ಸೇರಿದ ಮೇಜರ್ ಲೀಗ್‌ನಲ್ಲಿ ಹೀಗೆ ವಿಶ್ರಾಂತಿ ಪಡೆದ ಮೊದಲ ಅಂಕಿ ಅದು. ಇಂದಿಗೂ ಆ ಗೆರೆಗೆರೆಯ ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರಿಲ್ಲ, ಅಂಕಿ ಮಾತ್ರ.

ಅಥ್ಲೆಟಿಕ್ಸ್ ಎಡವಿದ್ದು ಈ ಜೋಪಾನದಲ್ಲೇ. ಅದರ ಕತೆ ಮನಸ್ಸು ಕಲಕುವಂಥದ್ದು, ಏಕೆಂದರೆ ಒಂದು ಕಾಲಕ್ಕೆ ಯಾಂಕೀಸ್‌ಗೆ ಸರಿಸಮನಾದ ತಂಡ ಅದು. ಫಿಲಡೆಲ್ಫಿಯಾದಲ್ಲಿ 1901ರಿಂದ 1950ರವರೆಗೆ ಭರ್ತಿ ಐವತ್ತು ಋತು ಕಾನಿ ಮ್ಯಾಕ್ ಒಬ್ಬರೇ ಅದರ ಮ್ಯಾನೇಜರ್. ಬಹುತೇಕ ಮ್ಯಾನೇಜರುಗಳು ಆಟಗಾರರ ಸಮವಸ್ತ್ರ ತೊಟ್ಟರೆ ಮ್ಯಾಕ್ ಸೂಟು, ಟೈ, ಹ್ಯಾಟು ತೊಟ್ಟು ಬೆಂಚಿನ ಮೇಲೆ ಕೂರುತ್ತಿದ್ದರು. ಕೈಯಲ್ಲಿನ ಸ್ಕೋರ್ ಕಾರ್ಡನ್ನು ಅತ್ತಿತ್ತ ಬೀಸಿ ಫೀಲ್ಡರುಗಳನ್ನು ಸರಿಸುತ್ತಿದ್ದರು. ಈ ತಂಡ ಬಿಳಿಯಾನೆ, ಸಾಕಿದವರನ್ನು ಮುಳುಗಿಸುತ್ತದೆ ಎಂಬರ್ಥದಲ್ಲಿ ಮೆಗ್ರಾ ಹಂಗಿಸಿದಾಗ ಮ್ಯಾಕ್ ಆ ಬಿಳಿಯಾನೆಯನ್ನೇ ತಂಡದ ಲಾಂಛನ ಮಾಡಿಕೊಂಡರು.

1929ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯವನ್ನು ನೋಡಿ. ಶೈಬ್ ಪಾರ್ಕಿನಲ್ಲಿ ಶಿಕಾಗೋ ಕಬ್ಸ್ 8–0ರಿಂದ ಮುಂದಿತ್ತು. ಏಳನೇ ಇನಿಂಗ್ಸ್‌ನಲ್ಲಿ ಅಥ್ಲೆಟಿಕ್ಸ್ ಬ್ಯಾಟ್ ಬೀಸತೊಡಗಿತು. ಇಳಿಬಿಸಿಲು ಕಣ್ಣಿಗೆ ಕುಕ್ಕಿ ಕಬ್ಸ್‌ನ ಹ್ಯಾಕ್ ವಿಲ್ಸನ್‌ಗೆ ಮೇಲೆದ್ದ ಚೆಂಡು ಕಾಣಲಿಲ್ಲ. ಅದು ಅವನನ್ನು ದಾಟಿ ಉರುಳಿತು. ಮ್ಯೂಲ್ ಹಾಸ್ ಓಡಿಯೇ ಮನೆ ಮುಟ್ಟಿದ, ಅವನ ಮುಂದಿದ್ದ ಇಬ್ಬರೂ ಮುಟ್ಟಿದರು. ಆ ಒಂದೇ ಇನಿಂಗ್ಸ್‌ನಲ್ಲಿ ಹತ್ತು ರನ್. ಪಂದ್ಯ 10–8ರಿಂದ ಅಥ್ಲೆಟಿಕ್ಸ್ ಪಾಲಾಯಿತು. ಆ ವರ್ಷವೂ ಮರುವರ್ಷವೂ ಕಪ್ ಅವರದೇ.

ಅದಾದ ಮೇಲೆ ಮಾರಾಟ. ಆರ್ಥಿಕ ಕುಸಿತದ ವರ್ಷಗಳಲ್ಲಿ ಮ್ಯಾಕ್ ತಂಡದ ತಾರೆಗಳಾದ ಸಿಮನ್ಸ್, ಕಾಕ್ರನ್, ಗ್ರೋವ್, ಫಾಕ್ಸ್ ಎಲ್ಲರನ್ನೂ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. 1914ರ ನಂತರವೂ ಅವರು ಇದನ್ನೇ ಮಾಡಿದ್ದರು. ಆಗ ತಂಡ ಸತತ ಏಳು ವರ್ಷ ಕೊನೆಯ ಸ್ಥಾನದಲ್ಲಿ ಕೊಳೆತಿತ್ತು. 1955ರಲ್ಲಿ ಫ್ರಾಂಚೈಸಿ ಕ್ಯಾನ್ಸಸ್ ಸಿಟಿಗೆ ಹೋಯಿತು. ಅಲ್ಲಿ ಒಳ್ಳೆಯ ಆಟಗಾರರು ಒಬ್ಬರ ಹಿಂದೊಬ್ಬರು ಯಾಂಕೀಸ್ ಪಾಲಾದರು. 1961ರಲ್ಲಿ 61 ಹೋಮ್ ರನ್ ಹೊಡೆದು ರೂತ್‌ನ ದಾಖಲೆ ಮುರಿದ ರೋಜರ್ ಮಾರಿಸ್ ಕೂಡ ಹಾಗೆ ಹೋದವನೇ. 1968ರಲ್ಲಿ ಓಕ್ಲಂಡ್. ಅಲ್ಲಿ 1972, 73, 74ರಲ್ಲಿ ಸತತ ಮೂರು ವರ್ಲ್ಡ್ ಸೀರೀಸ್ ಗೆದ್ದ ಸಾಧನೆ ಯಾಂಕೀಸ್ ಬಿಟ್ಟರೆ ಬೇರೆ ಯಾವ ತಂಡಕ್ಕೂ ಆಗಿಲ್ಲ. ಆದರೂ 1974ರ ಇಡೀ ಋತುವಿನಲ್ಲಿ ತವರು ಮೈದಾನಕ್ಕೆ ಬಂದವರು ಒಂಬತ್ತು ಲಕ್ಷಕ್ಕಿಂತ ಕಡಿಮೆ. ಮತ್ತೆ ತಾರೆಯರು ಚದುರಿದರು. 2024ರ ಸೆಪ್ಟೆಂಬರ್ 26ರಂದು ಓಕ್ಲಂಡಿನ ಕೊನೆಯ ಪಂದ್ಯಕ್ಕೆ 46 ಸಾವಿರಕ್ಕೂ ಹೆಚ್ಚು ಜನ ಬಂದರು. ಈಗ ತಂಡ ಲಾಸ್ ವೇಗಸ್‌ನ ಹೊಸ ಮೈದಾನಕ್ಕಾಗಿ ಕಾಯುತ್ತ ಸ್ಯಾಕ್ರಮೆಂಟೊ ಬಳಿಯ ಸಣ್ಣ ಮೈದಾನವೊಂದರಲ್ಲಿ ಆಡುತ್ತಿದೆ. ಹೆಸರಿನ ಮುಂದೆ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್.

ಊರು ಬಿಟ್ಟದ್ದೇ ಕಾರಣವೆಂದರೆ ಡಾಡ್ಜರ್ಸ್ ಕತೆ ಆ ಮಾತನ್ನು ಒಪ್ಪುವುದಿಲ್ಲ. ಬ್ರೂಕ್ಲಿನ್‌ನಲ್ಲಿ 1941ರಿಂದ 1953ರೊಳಗೆ ಐದು ಸಲ ಯಾಂಕೀಸ್ ಎದುರು ವರ್ಲ್ಡ್ ಸೀರೀಸ್ ಸೋತು, 1955ರಲ್ಲಿ ಕೊನೆಗೂ ಗೆದ್ದ ತಂಡವನ್ನು ಮಾಲೀಕ ವಾಲ್ಟರ್ ಒಮ್ಯಾಲಿ 1958ರಲ್ಲಿ ದೇಶದ ಇನ್ನೊಂದು ತುದಿಗೆ ಒಯ್ದ. ಬ್ರೂಕ್ಲಿನ್ ಅವನನ್ನು ಕ್ಷಮಿಸಲಿಲ್ಲ. ಆದರೆ 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಡಾಡ್ಜರ್ಸ್ ಅಂಗಿ ತೊಟ್ಟು, ಆಧುನಿಕ ಮೇಜರ್ ಲೀಗ್‌ನ ವರ್ಣಬೇಲಿಯನ್ನು ಮುರಿದ ಘನತೆಯನ್ನು ತಂಡ ಕೈಬಿಡಲಿಲ್ಲ. ಯಹೂದಿಗಳ ಯೋಮ್ ಕಿಪ್ಪೂರ್ ಹಬ್ಬದ ದಿನ ಆಡದೆ ಉಳಿದು, ಏಳನೇ ಪಂದ್ಯದಲ್ಲಿ ಬಂದು 1965ರ ಕಪ್ ಗೆದ್ದುಕೊಟ್ಟ ಸ್ಯಾಂಡಿ ಕೋಫ್ಯಾಕ್ಸ್, 1981ರ ಮೆಕ್ಸಿಕೊದ ಹುಡುಗ ಫರ್ನಾಂಡೊ ವಲೆಂಜುಯೆಲಾ, 1995ರಲ್ಲಿ ಜಪಾನಿನಿಂದ ಬಂದ ಹಿದಿಯೊ ನೊಮೊ, ಈಗ 70 ಕೋಟಿ ಡಾಲರ್ ಒಪ್ಪಂದದ ಶೋಹೆ ಒಹ್ತಾನಿ. ಹೊಸ ಹೊಸ ಜನಕ್ಕೆ ಬಾಗಿಲು ತೆರೆಯುತ್ತ ಹೋದದ್ದೇ ಈ ತಂಡದ ಮರ್ಯಾದೆಯ ಬಂಡವಾಳ.

ಇನ್ನು ರೆಡ್ ಸಾಕ್ಸ್. ರೂತ್‌ನನ್ನು ಮಾರಿದ ಮೇಲೆ, 1918ರ ಗೆಲುವಿನಿಂದ 2004ರವರೆಗೆ 86 ವರ್ಷ ಬರಗಾಲ. ಹದಿನೆಂಟು ಋತು ಕಪ್ಪಿಗಾಗಿ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಆ ನಿಷ್ಠೆ ಎಂಥದ್ದೆಂದು ವಿವರಿಸಬೇಕಿಲ್ಲ. 2004ರಲ್ಲಿ ಅಮೆರಿಕನ್ ಲೀಗಿನ ಪ್ರಶಸ್ತಿ ಸರಣಿಯಲ್ಲಿ ಯಾಂಕೀಸ್ ಎದುರು ಮೊದಲ ಮೂರು ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದಿತು. ಬೇಸ್‌ಬಾಲ್‌ನಲ್ಲಿ ಅದುವರೆಗೆ ಯಾರೂ ಹಾಗೆ ಎದ್ದು ಬಂದಿರಲಿಲ್ಲ. ಆ ತಂಡ 1912ರಿಂದ ಫೆನ್‌ವೇ ಪಾರ್ಕನ್ನು ಬಿಟ್ಟು ಕದಲಿಲ್ಲ. ಸೋಲು ಸಹ ಒಂದೇ ಜಾಗದಲ್ಲಿ ಕೂಡಿಡುತ್ತ ಬಂದರೆ ಆಸ್ತಿಯಾಗುತ್ತದೆ. ಆದರೆ ಇದೇ ರೆಡ್ ಸಾಕ್ಸ್ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ, ಆಗಿನ ಎಲ್ಲ ತಂಡಗಳಿಗಿಂತ ಕೊನೆಗೆ. ಇದನ್ನು ಲೆಕ್ಕಕ್ಕೆ ಹಿಡಿಯದ ಯಾವ ಶ್ರೇಣಿಯೂ ನ್ಯಾಯದ ಶ್ರೇಣಿಯಲ್ಲ.

ಇತ್ತೀಚೆಗೆ ದುಡ್ಡಿನ ಅಳತೆಗೋಲೂ ಸೇರಿಕೊಂಡಿದೆ. ಫೋರ್ಬ್ಸ್ ಪತ್ರಿಕೆಯ 2025ರ ಅಂದಾಜಿನಲ್ಲಿ ಯಾಂಕೀಸ್ ಬೆಲೆ 800 ಕೋಟಿ ಡಾಲರ್ ದಾಟಿದೆ. ಮಾರುಕಟ್ಟೆ ಏನು ಹೇಳುತ್ತದೆಂದು ತಿಳಿಯಲು ಅದು ಸಾಕು, ಚರಿತ್ರೆಯನ್ನು ಅಳೆಯಲು ಸಾಲದು.

ಚರಿತ್ರೆಯ ಪಟ್ಟಿಯಲ್ಲಿ ಬಹುಕಾಲ ಕಾಣದೇ ಹೋದ ತಂಡಗಳಿವೆ. ಬಿಳಿಯರ ಲೀಗುಗಳು ಬಾಗಿಲು ಮುಚ್ಚಿದ್ದಾಗ 1920ರಲ್ಲಿ ರೂಬ್ ಫಾಸ್ಟರ್ ಕ್ಯಾನ್ಸಸ್ ಸಿಟಿಯಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದರು. ಆ ಊರಿನ ಮೊನಾರ್ಕ್ಸ್ ತಂಡ 1930ರಲ್ಲೇ ಲಾರಿಗಳ ಮೇಲೆ ದೀಪದ ಕಂಬಗಳನ್ನು ಹೊತ್ತೊಯ್ದು ರಾತ್ರಿ ಪಂದ್ಯ ಆಡಿತು. ಮೇಜರ್ ಲೀಗ್ ರಾತ್ರಿ ಆಡಿದ್ದು ಅದಾಗಿ ಐದು ವರ್ಷಕ್ಕೆ. ಪಿಟ್ಸ್‌ಬರ್ಗ್ ಪಕ್ಕದ ಉಕ್ಕಿನ ಊರಿನ ಹೋಮ್‌ಸ್ಟೆಡ್ ಗ್ರೇಸ್ 1943, 1944 ಮತ್ತು 1948ರಲ್ಲಿ ನೀಗ್ರೊ ವರ್ಲ್ಡ್ ಸೀರೀಸ್ ಗೆದ್ದಿತು. ಅದರ ಕ್ಯಾಚರ್ ಜಾಷ್ ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್ಸನ್ ಕಣಕ್ಕಿಳಿಯುವ ಮೂರು ತಿಂಗಳ ಮೊದಲು, 35ನೇ ವಯಸ್ಸಿನಲ್ಲಿ ತೀರಿಕೊಂಡ. ರಾಬಿನ್ಸನ್ 1945ರಲ್ಲಿ ಆಡಿದ್ದು ಮೊನಾರ್ಕ್ಸ್‌ಗೆ. ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಅವನನ್ನು ಕರೆದೊಯ್ದಾಗ ಮೊನಾರ್ಕ್ಸ್‌ಗೆ ಒಂದು ಡಾಲರ್ ಪರಿಹಾರವನ್ನೂ ಕೊಡಲಿಲ್ಲ. ಡಾಡ್ಜರ್ಸ್ ಹೆಮ್ಮೆಯ ಒಂದು ಪಾಲು ನ್ಯಾಯವಾಗಿ ಮೊನಾರ್ಕ್ಸ್‌ನದು.

2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗುಗಳಿಗೂ ಮೇಜರ್ ಲೀಗ್ ಮಾನ್ಯತೆ ನೀಡಿತು. 2024ರ ಮೇ ತಿಂಗಳಲ್ಲಿ ಅವರ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದವು. ಟೈ ಕಾಬ್‌ನ .367 ಬ್ಯಾಟಿಂಗ್ ಸರಾಸರಿಯನ್ನು ಹಿಂದಿಕ್ಕಿ ಗಿಬ್ಸನ್‌ನ .372 ಸಾರ್ವಕಾಲಿಕ ಪಟ್ಟಿಯ ತುದಿಗೆ ಬಂತು. ಆಟಗಾರರ ಪಟ್ಟಿ ತಿದ್ದಿದ ಮೇಲೆ ತಂಡಗಳ ಪಟ್ಟಿಯನ್ನು ಹಾಗೇ ಬಿಡುವುದು ಸರಿಯಲ್ಲ. ಯಾಂಕೀಸ್ ಮೊದಲು, ಡಾಡ್ಜರ್ಸ್ ಎರಡನೆಯದು, ಕಾರ್ಡಿನಲ್ಸ್ ಮೂರನೆಯದು ಎಂದು ಯಾರಾದರೂ ಬರೆದರೆ ಈ ಲೇಖನಕ್ಕೆ ತಕರಾರಿಲ್ಲ. ಆದರೆ ಮೊದಲ ಹತ್ತರೊಳಗೆ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಮತ್ತು ಹೋಮ್‌ಸ್ಟೆಡ್ ಗ್ರೇಸ್ ಎರಡೂ ಇರಲೇಬೇಕು.