ಬಾಲಪ್ರಯಾಣಿಕರ ವಿಮಾನಯಾನ

ದೆಹಲಿಯ ನೈಋತ್ಯ ಭಾಗದಲ್ಲಿರುವ ದ್ವಾರಕಾ ಉಪನಗರವು ವಿಮಾನನಿಲ್ದಾಣಕ್ಕೆ ನೆರೆಮನೆಯಂತಿದೆ. ಹಿಂದೆ ಪಪ್ಪನಕಲಾಂ ಎಂದು ಕರೆಯಲ್ಪಡುತ್ತಿದ್ದ ಈ ಪ್ರದೇಶವು ಇಂದು ಸೆಕ್ಟರುಗಳಾಗಿ ವಿಂಗಡಿಸಲ್ಪಟ್ಟ ವಿಶಾಲವಾದ ವಸತಿನೆಲೆಯಾಗಿದೆ. ಒಣಹಾಕಿದ ಬಟ್ಟೆಯನ್ನು ತೆಗೆಯಲು ಮಾಳಿಗೆಗೆ ಹೋದವರು ತಲೆಯೆತ್ತಿದರೆ, ಚಕ್ರಗಳನ್ನು ಚಾಚಿಕೊಂಡು ಇಳಿಯುತ್ತಿರುವ ವಿಮಾನದ ಹೊಟ್ಟೆಯೇ ಕಣ್ಣಿಗೆ ಬೀಳುತ್ತದೆ. ಇಲ್ಲಿಯೇ ನಮ್ಮ ವಾಸ. ನಮ್ಮಲ್ಲೊಬ್ಬರು ನಿಮ್ಮ ಈ ಶಾಲೆಯಲ್ಲಿಯೇ ಅಕ್ಷರ ಕಲಿತವರಾದುದರಿಂದ, ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂಬ ಕರೆ ಬಂದಾಗ, ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನೇ ವಿವರಿಸಿ ಬರೆಯಲು ಮನಸ್ಸಾಯಿತು. ಅದು ನಮ್ಮ ಒಂಬತ್ತು ವರ್ಷದ ಮಗಳನ್ನು ಒಬ್ಬಳನ್ನೇ ವಿಮಾನದಲ್ಲಿ ಬೆಂಗಳೂರಿಗೆ ಕಳುಹಿಸಿದ ಸಂಗತಿ.

ಕಳುಹಿಸುವ ಅಗತ್ಯವಾದರೂ ಏನಿತ್ತೆಂದು ನೀವು ಕೇಳಬಹುದು. ನಿಮಗೆ ಬೇಸಗೆಯ ರಜೆ ಏಪ್ರಿಲ್ ಮೇ ತಿಂಗಳುಗಳಲ್ಲಿ. ದೆಹಲಿಯ ಮಕ್ಕಳಿಗಾದರೋ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಬೆಂಗಳೂರಿನಲ್ಲಿರುವ ಸೋದರಮಾವನ ಮಕ್ಕಳೊಡನೆ ಆಟವಾಡಬೇಕಾದರೆ ನಮ್ಮ ಮಗಳಿಗೆ ದೊರೆಯುವುದು ಎರಡು ವಾರಗಳು ಮಾತ್ರ. ಆ ಎರಡು ವಾರಗಳಲ್ಲಿ ನಮ್ಮಿಬ್ಬರಿಗೂ ಕಚೇರಿಯಿಂದ ರಜೆ ದೊರೆಯಲಿಲ್ಲ. ರೈಲಿನಲ್ಲಾದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಎರಡು ರಾತ್ರಿಗಳ ಪ್ರಯಾಣ; ಚಿಕ್ಕ ಮಗುವನ್ನು ಒಬ್ಬಳನ್ನೇ ಅದರಲ್ಲಿ ಕೂರಿಸುವ ಮಾತೇ ಇಲ್ಲ. ವಿಮಾನದಲ್ಲಾದರೆ ಮೂರು ಗಂಟೆಗೂ ಕಡಿಮೆ. ಹೀಗಿರುವಾಗ ಮಗು ಒಂಟಿಯಾಗಿ ವಿಮಾನದಲ್ಲಿ ಹೋಗಬಹುದೇ ಎಂಬ ಪ್ರಶ್ನೆ ನಮ್ಮ ಮುಂದೆ ನಿಂತಿತು.

ಹೋಗಬಹುದು. ಅದಕ್ಕೆ ವಯಸ್ಸಿನ ಕಟ್ಟಳೆಯುಂಟು. ನಮ್ಮ ದೇಶದ ವಿಮಾನ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ 5 ವರ್ಷ ತುಂಬದ ಮಗುವನ್ನು ಒಂಟಿಯಾಗಿ ಒಯ್ಯುವುದಿಲ್ಲ. 5 ತುಂಬಿ 12 ತುಂಬದ ಮಕ್ಕಳನ್ನು ಒಯ್ಯಬಹುದು. ಆದರೆ ಅವರು ಹೊರಟಲ್ಲಿಂದ ತಲುಪುವವರೆಗೆ ಸಂಸ್ಥೆಯ ಸಿಬ್ಬಂದಿಯ ವಶದಲ್ಲಿರಬೇಕು. ಇದಕ್ಕಾಗಿ ಟಿಕೆಟ್ಟಿನ ಹಣವಲ್ಲದೆ ಬೇರೊಂದು ಶುಲ್ಕವನ್ನೂ ತೆರಬೇಕಾಗುತ್ತದೆ. 12 ತುಂಬಿದವರು ದೊಡ್ಡವರಂತೆಯೇ ಹೋಗಬಹುದಾದರೂ, ಪೋಷಕರು ಬಯಸಿದಲ್ಲಿ ಹಲವು ಸಂಸ್ಥೆಗಳು ಅವರಿಗೂ ಈ ಆಸರೆಯನ್ನು ಒದಗಿಸುತ್ತವೆ. ಒಂದೊಂದು ಸಂಸ್ಥೆಯ ನಿಯಮ ಒಂದೊಂದು ಬಗೆಯಾಗಿರುವುದರಿಂದ ಟಿಕೆಟ್ ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳುವುದು ಮೇಲು.

ಐದು ವರ್ಷದ ಮಗು ಒಂಟಿಯಾಗಿ ಹಾರುವುದುಂಟೇ ಎಂದು ಯಾರಾದರೂ ಸಂದೇಹಪಟ್ಟರೆ 2020ನೆಯ ಇಸವಿಯ ಒಂದು ನಿದರ್ಶನವಿದೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶದೊಳಗಿನ ವಿಮಾನಗಳೆಲ್ಲ ನಿಂತುಹೋದವು. ದೆಹಲಿಯಲ್ಲಿ ಅಜ್ಜ ಅಜ್ಜಿಯರ ಮನೆಗೆ ಹೋಗಿದ್ದ ಐದು ವರ್ಷದ ಬಾಲಕನೊಬ್ಬನು ಅಲ್ಲಿಯೇ ಉಳಿದುಹೋದನು, ತಾಯಿ ಬೆಂಗಳೂರಿನಲ್ಲಿ. ಮೇ 25ರಂದು ವಿಮಾನಗಳು ಮತ್ತೆ ಹಾರಲಾರಂಭಿಸಿದವು. ಆ ಮೊದಲನೆಯ ದಿನವೇ ಆ ಬಾಲಕನು ಮುಖಕ್ಕೆ ಮುಸುಕು, ಕೈಗೆ ಗವಸು ಧರಿಸಿ, ವಿಶೇಷ ವರ್ಗದ ಪ್ರಯಾಣಿಕನೆಂಬ ಫಲಕವನ್ನು ಹಿಡಿದು, ದೆಹಲಿಯಿಂದ ಬೆಂಗಳೂರಿಗೆ ಒಬ್ಬನೇ ಬಂದಿಳಿದನು. ನಿಲ್ದಾಣದಲ್ಲಿ ಕಾದಿದ್ದ ತಾಯಿ ಸುಮಾರು ಮೂರು ತಿಂಗಳ ಬಳಿಕ ಮಗನನ್ನು ಕಂಡಳು. ಅಂದಿನ ವೃತ್ತಪತ್ರಿಕೆಗಳಲ್ಲಿ ಈ ಸುದ್ದಿಯನ್ನು ಓದಿ ಕಣ್ಣೊರೆಸಿಕೊಂಡವರು ಅನೇಕರು.

ಇದಕ್ಕಿಂತಲೂ ವಿಚಿತ್ರವಾದ ಪ್ರಯಾಣವೊಂದು ನೂರು ವರ್ಷಗಳಿಗೂ ಹಿಂದೆ ಅಮೆರಿಕದಲ್ಲಿ ನಡೆಯಿತು. ಅಲ್ಲಿ 1913ರಲ್ಲಿ ಪಾರ್ಸೆಲ್ ಅಂಚೆ ಆರಂಭವಾಯಿತು. ಮರುವರ್ಷ ಫೆಬ್ರವರಿ 19ರಂದು ಐಡಾಹೊ ರಾಜ್ಯದ ಗ್ರೇಂಜ್‌ವಿಲ್ ಎಂಬ ಊರಿನ ದಂಪತಿಗಳು, ಮೇ ಪಿಯರ್‌ಸ್ಟಾರ್ಫ್ ಎಂಬ ತಮ್ಮ ಐದು ವರ್ಷದ ಮಗಳ ಕೋಟಿಗೆ 53 ಸೆಂಟುಗಳ ಅಂಚೆಚೀಟಿ ಅಂಟಿಸಿ, ಲೂಯಿಸ್ಟನ್ ಪಟ್ಟಣದಲ್ಲಿದ್ದ ಅಜ್ಜಿಯ ಮನೆಗೆ ಅಂಚೆಯಲ್ಲಿ ಕಳುಹಿಸಿಬಿಟ್ಟರು! ರೈಲಿನ ಟಿಕೆಟ್ಟಿಗಿಂತ ಅದು ಅಗ್ಗವಾಗಿತ್ತು. ಆಕೆಯನ್ನು ಚೀಲದಲ್ಲಿ ಕಟ್ಟಿ ಎಸೆದರೆಂದು ಭಾವಿಸಬೇಡಿ. ರೈಲಿನ ಅಂಚೆಡಬ್ಬಿಯಲ್ಲಿ ಕೆಲಸದಲ್ಲಿದ್ದ ಗುಮಾಸ್ತನು ಆ ಮನೆಯವರ ನೆಂಟನೇ ಆಗಿದ್ದನು. ಅವನೇ ಮಗುವನ್ನು ಜೊತೆಯಲ್ಲಿರಿಸಿಕೊಂಡು ಹೋಗಿ ಅಜ್ಜಿಗೆ ಒಪ್ಪಿಸಿದನು. ಮುಂದೆ ಅಂಚೆ ಇಲಾಖೆಯವರು ಮಕ್ಕಳನ್ನು ಹೀಗೆ ಕಳುಹಿಸುವುದನ್ನು ನಿಷೇಧಿಸಿದರು.

ನಗು ಬರಿಸುವ ಈ ಕಥೆಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಮಗುವನ್ನು ಕಾಪಾಡಿದ್ದು ಅಂಚೆಚೀಟಿಯಲ್ಲ; ಕೊಟ್ಟವರ ಕೈಯಿಂದ ಪಡೆಯುವವರ ಕೈಗೆ ತಲುಪಿಸುವ ಹೊಣೆಯನ್ನು ಹೊತ್ತ ಒಬ್ಬ ಮನುಷ್ಯ. ಇಂದಿನ ವಿಮಾನಪ್ರಯಾಣದಲ್ಲಿಯೂ ಏರ್ಪಾಟು ಅದೇ. ಆದರೆ ಇಲ್ಲಿ ನೆಂಟರಿಲ್ಲ, ಇರುವವರೆಲ್ಲ ಅಪರಿಚಿತರು. ಆದ್ದರಿಂದ ನೆಂಟಸ್ತನದ ಸ್ಥಾನದಲ್ಲಿ ಕಾಗದ ಮತ್ತು ರುಜು ನಿಂತಿವೆ.

ಆ ಕಾಗದದ ವಿಚಾರವನ್ನು ತುಸು ವಿಸ್ತಾರವಾಗಿಯೇ ಹೇಳೋಣ. ಮಗುವಿನ ಹೆಸರು, ವಯಸ್ಸು, ವಿಮಾನದ ಸಂಖ್ಯೆ. ಬಿಡಲು ಬರುವವರ ಹೆಸರು, ವಿಳಾಸ, ದೂರವಾಣಿ. ಕರೆದೊಯ್ಯಲು ಬರುವವರ ಹೆಸರು, ವಿಳಾಸ, ದೂರವಾಣಿ, ಮಗುವಿಗೂ ಅವರಿಗೂ ಇರುವ ಸಂಬಂಧ: ಇಷ್ಟನ್ನೂ ಬರೆದು ತಂದೆ ಅಥವಾ ತಾಯಿ ರುಜು ಹಾಕಬೇಕು. ಇದರ ಪ್ರತಿಗಳನ್ನೂ ಟಿಕೆಟ್ಟನ್ನೂ ಒಂದು ಚೀಲದಲ್ಲಿರಿಸಿ ಮಗುವಿನ ಕೊರಳಿಗೆ ಹಾಕುವ ರೂಢಿಯುಂಟು. ಬಿಡುವವರು ಒಪ್ಪಿಸಿದಾಗ ಒಂದು ರುಜು, ಪಡೆಯುವವರು ಕೈಗೆ ತೆಗೆದುಕೊಂಡಾಗ ಕೊನೆಯ ರುಜು. ನಡುವೆ ನೆಲದ ಸಿಬ್ಬಂದಿಯವರು ವಿಮಾನದೊಳಗಿನ ಸಿಬ್ಬಂದಿಗೂ, ಅವರು ಇಳಿದ ಊರಿನ ಸಿಬ್ಬಂದಿಗೂ ಮಗುವನ್ನು ಒಪ್ಪಿಸುತ್ತ ಹೋಗುತ್ತಾರೆ. ಯಾವ ಕ್ಷಣದಲ್ಲಿಯೂ 'ಮಗು ಈಗ ಯಾರ ವಶದಲ್ಲಿದೆ?' ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕೆಂಬುದು ಇದರ ಉದ್ದೇಶ. ಮರಳಿ ಬರುವ ಪ್ರಯಾಣಕ್ಕೆ ಬೇರೊಂದು ಕಾಗದ ಬೇಕು. ಅದರಲ್ಲಿ ಬಿಡುವವರು ಪಡೆಯುವವರಾಗುತ್ತಾರೆ, ಪಡೆಯುವವರು ಬಿಡುವವರಾಗುತ್ತಾರೆ.

ವಿಮಾನವನ್ನು ಆರಿಸುವಾಗಲೂ ವಿವೇಕ ಬೇಕು. ನಡುವೆ ಬೇರೊಂದು ಊರಿನಲ್ಲಿ ಇಳಿದು ವಿಮಾನ ಬದಲಿಸುವಂತಹುದು ಒಂಟಿ ಮಗುವಿಗೆ ತಕ್ಕುದಲ್ಲ. ನೇರವಾಗಿ ಹೋಗುವುದೇ ಸರಿ. ದಿನದ ಕೊನೆಯ ವಿಮಾನವನ್ನು ಆರಿಸಿದರೆ, ಅದು ರದ್ದಾದಾಗ ಆ ರಾತ್ರಿ ಬೇರೆ ದಾರಿಯಿರುವುದಿಲ್ಲ. ನಾವು ಬೆಳಗಿನ ವಿಮಾನವನ್ನು ಗೊತ್ತುಮಾಡಿದೆವು. ಶಾಲೆಯ ಗುರುತಿನ ಚೀಟಿಯನ್ನೂ ಆಧಾರ್ ಚೀಟಿಯನ್ನೂ ತೆಗೆದಿರಿಸಿದೆವು. ಕೈಚೀಲದಲ್ಲಿ ಕತ್ತರಿ, ಚಾಕು ಮೊದಲಾದವು ಇರಕೂಡದೆಂಬುದು ಗೊತ್ತಿದ್ದೂ, ಚಿತ್ರಕಲೆಯ ಡಬ್ಬಿಯೊಳಗೆ ಅಡಗಿದ್ದ ಕತ್ತರಿಯೊಂದು ಕೊನೆಯ ಗಳಿಗೆಯಲ್ಲಿ ನಮ್ಮ ಕಣ್ಣಿಗೆ ಬಿದ್ದಿತು.

ದ್ವಾರಕಾ ಸೆಕ್ಟರ್ 21ರಿಂದ ವಿಮಾನನಿಲ್ದಾಣಕ್ಕೆ ಮೆಟ್ರೋ ರೈಲಿನಲ್ಲಿ ಒಂದೇ ನಿಲ್ದಾಣದ ದೂರ. ನೆತ್ತಿಯ ಮೇಲೆ ದಿನವೂ ಹಾರುವುದನ್ನು ಕಾಣುತ್ತಿದ್ದ ವಿಮಾನದೊಳಕ್ಕೆ ತಾನೇ ಹೋಗುವೆನೆಂಬ ಸಡಗರ ಮಗಳಿಗೆ. ನಮಗೋ ಮಾತೇ ಹೊರಡದು. ಸಂಸ್ಥೆಯ ಸಿಬ್ಬಂದಿಯೊಬ್ಬರು ಬಂದು, ಕಾಗದವನ್ನು ಪರಿಶೀಲಿಸಿ, ಅವಳ ಕೈ ಹಿಡಿದು ಭದ್ರತಾ ತಪಾಸಣೆಯ ಕಡೆಗೆ ನಡೆದರು. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿ ಕೈಬೀಸಿ ಅವಳು ಮರೆಯಾದಳು. ವಿಮಾನ ನೆಲ ಬಿಟ್ಟು ಏರುವವರೆಗೆ ಬಿಡಲು ಬಂದವರು ನಿಲ್ದಾಣದಲ್ಲಿಯೇ ಇರಬೇಕೆಂಬುದು ನಿಯಮ. ಏನಾದರೂ ಅಡಚಣೆಯಾಗಿ ವಿಮಾನ ಹೊರಡದಿದ್ದರೆ ಮಗುವನ್ನು ಮರಳಿ ಪಡೆಯಲು ಜನ ಬೇಡವೇ? ನಾವು ಕಾದೆವು, ವಿಮಾನ ಏರಿತೆಂದು ತಿಳಿದ ಮೇಲೆ ಒಬ್ಬರು ಮನೆಗೂ ಒಬ್ಬರು ಕಚೇರಿಗೂ ಹೊರಟೆವು.

ವಿಮಾನದೊಳಗೆ ಒಂಟಿ ಮಗುವಿಗೆ ಸಿಬ್ಬಂದಿಯ ಕಣ್ಣಳತೆಯಲ್ಲಿ ಆಸನವನ್ನು ಕೊಡುತ್ತಾರೆ. ಆಪತ್ಕಾಲದ ಬಾಗಿಲಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸುವುದಿಲ್ಲ. ಅಲ್ಲಿ ಕುಳಿತವರು ಸಮಯ ಬಂದಾಗ ಬಾಗಿಲನ್ನು ತೆರೆಯಬಲ್ಲವರಾಗಿರಬೇಕು. ಮೇಲೆ ಹೋದಾಗ ಕಿವಿ ಗವ್ವೆನ್ನುವುದು ಎಲ್ಲ ಮಕ್ಕಳನ್ನೂ ಗಾಬರಿಪಡಿಸುವ ಸಂಗತಿಯಾದುದರಿಂದ ಅದರ ಕಾರಣವನ್ನು ತಿಳಿದಿರುವುದು ಒಳ್ಳೆಯದು. ವಿಮಾನ ಹತ್ತು ಕಿಲೋಮೀಟರು ಎತ್ತರದಲ್ಲಿ ಹಾರುತ್ತಿದ್ದರೂ, ಒಳಗಿನ ಗಾಳಿಯ ಒತ್ತಡವನ್ನು ಸುಮಾರು 1800ರಿಂದ 2400 ಮೀಟರು ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ನಿಲ್ಲಿಸಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರು. ಅದರ ಮೇಲೆ ನಿಂತಂತೆಯೇ ಎನ್ನಿ. ಇಳಿಯುವಾಗ ಒಳಗಿನ ಒತ್ತಡ ಬೇಗ ಹೆಚ್ಚುತ್ತದೆ. ಕಿವಿತಮಟೆಯ ಹಿಂದಿರುವ ಗಾಳಿ ಅದಕ್ಕೆ ಸಮನಾಗುವುದು ತಡವಾದರೆ ನೋವಾಗುತ್ತದೆ. ಗಂಟಲಿನಿಂದ ಕಿವಿಯೊಳಕ್ಕೆ ಹೋಗುವ ಸಣ್ಣ ನಾಳವು ಉಗುಳು ನುಂಗಿದಾಗಲೂ ಆಕಳಿಸಿದಾಗಲೂ ತೆರೆದುಕೊಳ್ಳುತ್ತದೆ. ಆದುದರಿಂದ ಇಳಿಯುವ ಹೊತ್ತಿಗೆ ಬಾಯಲ್ಲಿ ಒಂದು ಪೆಪ್ಪರ್ಮಿಂಟು ಇದ್ದರೆ ಸಾಕು. ನೆಗಡಿಯಾದವರಿಗೆ ಆ ನಾಳ ಕಟ್ಟಿಕೊಂಡಿರುವುದರಿಂದ ಬಾಧೆ ಹೆಚ್ಚು.

ಇಷ್ಟರವರೆಗೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಇನ್ನು ನಮ್ಮ ತಪ್ಪಿನ ಕಥೆ.

ಕಾಗದದಲ್ಲಿ ಪಡೆಯುವವರ ಸ್ಥಾನದಲ್ಲಿ ನಾವು ಸೋದರಮಾವನ ಹೆಸರೊಂದನ್ನೇ ಬರೆದಿದ್ದೆವು. ಅಂದು ಬೆಳಗ್ಗೆ ಅವರಿಗೆ ಜ್ವರ ಬಂದಿತು. ಮನೆಯವರು ನಮಗೆ ತಿಳಿಸುವ ಗೋಜಿಗೆ ಹೋಗದೆ, 'ಮಗುವಿಗೆ ಗೊತ್ತಿರುವ ಅತ್ತೆಯೇ ಹೋಗುತ್ತಾಳಲ್ಲ' ಎಂದುಕೊಂಡರು. ಅತ್ತೆ ದೇವನಹಳ್ಳಿಯ ನಿಲ್ದಾಣದಲ್ಲಿ ಕಾದು ನಿಂತರು. ಮಗಳು ಹೊರಬಂದವಳೇ "ಅತ್ತೆ!" ಎಂದು ಕೂಗಿ ಓಡಲು ನೋಡಿದಳು. ಜೊತೆಯಲ್ಲಿದ್ದ ಸಿಬ್ಬಂದಿಯವರು ಅವಳ ಕೈ ಬಿಡಲಿಲ್ಲ. ಅತ್ತೆಯ ಗುರುತಿನ ಚೀಟಿಯನ್ನು ನೋಡಿ, ಕಾಗದದಲ್ಲಿ ಈ ಹೆಸರಿಲ್ಲವೆಂದು ಹೇಳಿ, ಮಗುವನ್ನು ಒಪ್ಪಿಸಲು ನಿರಾಕರಿಸಿದರು.

ಆಗ ನಮಗೆ ಕರೆ ಮಾಡಿದರು. ಕಾಗದದಲ್ಲಿ ನಾವು ಕೊಟ್ಟಿದ್ದುದು ಒಂದೇ ದೂರವಾಣಿ ಸಂಖ್ಯೆ. ಆ ದೂರವಾಣಿಯೋ ಕಚೇರಿಯ ಸಭೆಯೊಂದರಲ್ಲಿ ಬಾಯಿ ಮುಚ್ಚಿ ಕುಳಿತಿತ್ತು. "ಬೇರೆ ಸಂಖ್ಯೆ ಗೊತ್ತೇನಮ್ಮಾ?" ಎಂದು ಮಗಳನ್ನು ಕೇಳಿದರಂತೆ. ಅವಳಿಗೆ ತಿಳಿದಿದ್ದುದೂ ಅದೊಂದೇ. ಹೀಗೆ ಒಂದು ಗಂಟೆ ಕಾಲ ಮಗು ಗಾಜಿನ ಈಚೆಗೂ, ಅತ್ತೆ ಆಚೆಗೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿರಬೇಕಾಯಿತು. ಸಭೆ ಮುಗಿದು ದೂರವಾಣಿ ತೆರೆದಾಗ ಹದಿನೇಳು ಕರೆಗಳು ಬಂದಿದ್ದವು. ಆ ಕ್ಷಣ ನಮಗಾದುದನ್ನು ಬರೆದು ತಿಳಿಸಲಾರೆವು. ಒಪ್ಪಿಗೆಯನ್ನು ಬರೆದು, ನಮ್ಮ ಗುರುತಿನ ಚೀಟಿಯ ಪ್ರತಿಯೊಡನೆ ಕಳುಹಿಸಿದ ಮೇಲೆ, ಅತ್ತೆ ರುಜು ಹಾಕಿ ಮಗುವನ್ನು ಪಡೆದರು.

ಅಂದು ನಮಗೆ ಸಿಬ್ಬಂದಿಯವರ ಮೇಲೆ ಬಹಳ ಕೋಪ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮಗುವೇ ಅತ್ತೆಯೆಂದು ಕೂಗಿ ಹೇಳಿದ ಮೇಲೂ ಅನುಮಾನವೇ ಎಂದು ಜಗಳವಾಡಿದೆವು. ದೂರು ಬರೆಯಲು ಕುಳಿತಾಗ ಮಾತ್ರ ಲೇಖನಿ ಮುಂದೆ ಸಾಗಲಿಲ್ಲ. ನಾಲ್ಕು ದಿನ ಮಿಠಾಯಿ ಕೊಟ್ಟರೆ ಚಿಕ್ಕ ಮಗು ಯಾರನ್ನು ಬೇಕಾದರೂ ಅತ್ತೆಯೆಂದು ಕರೆದೀತು. ನಮ್ಮ ನಾಡಿನಲ್ಲಂತೂ ಬೀದಿಯ ಹೆಂಗಸರೆಲ್ಲ ಮಕ್ಕಳಿಗೆ ಅತ್ತೆಯರೇ! ಅಂದು ಬಂದವಳು ನಿಜವಾದ ಅತ್ತೆ. ಬಂದವಳು ಮತ್ತಾರೋ ಆಗಿದ್ದು, ಸಿಬ್ಬಂದಿಯವರು ಮಗುವಿನ ಒಂದು ಕೂಗಿಗೆ ಕರಗಿ ಕೈಬಿಟ್ಟಿದ್ದರೆ? ನಮ್ಮ ಮಗಳ ಕೈಯನ್ನು ಬಿಡದೆ ಹಿಡಿದಿದ್ದ ಆ ಅಪರಿಚಿತರು ನಮ್ಮ ರುಜುವಿಗೆ ನಮಗಿಂತ ಹೆಚ್ಚು ಬೆಲೆ ಕೊಟ್ಟಿದ್ದರು. ದೂರಿನ ಕಾಗದವನ್ನು ಹರಿದು, ವಂದನೆಯ ಕಾಗದವೊಂದನ್ನು ಬರೆದು ಕಳುಹಿಸಿದೆವು.

ಮರಳುವ ಪ್ರಯಾಣದ ಕಾಗದವನ್ನು ಸೋದರಮಾವ ತುಂಬಿದರು. ಈ ಸಲ ಬಿಡುವವರ ಸಂಖ್ಯೆಗಳು ಎರಡು, ಪಡೆಯುವವರ ಸಂಖ್ಯೆಗಳು ಎರಡು; ಬದಲಿಗೆ ಬರಬಹುದಾದವರ ಹೆಸರನ್ನೂ ಸೇರಿಸಬಹುದೇ ಎಂದು ಮೊದಲೇ ವಿಚಾರಿಸಿಕೊಂಡರು. ಗುರುತಿನ ಚೀಟಿಯಲ್ಲಿ ಅಚ್ಚಾಗಿರುವಂತೆಯೇ, ಇನಿಷಿಯಲ್ಲನ್ನು ಬಿಡಿಸಿ, ಹೆಸರುಗಳನ್ನು ಬರೆದರು. ಮಗಳು ದೆಹಲಿಯಲ್ಲಿ ಇಳಿದು ಹತ್ತು ನಿಮಿಷಗಳೊಳಗೆ ನಮ್ಮ ಕೈ ಸೇರಿದಳು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಹೀಗೆ ಹಾರಬೇಕಾಗಿ ಬಂದೀತು. ಉಳಿದವರು ಬಸ್ಸಿನಲ್ಲೋ ರೈಲಿನಲ್ಲೋ ಅಜ್ಜನ ಊರಿಗೆ ಹೊರಡುವಿರಿ. ಯಾವ ಪ್ರಯಾಣಕ್ಕೂ ಸಲ್ಲುವ ಮಾತುಗಳು ಇಲ್ಲಿವೆ. ಮನೆಯವರ ಎರಡು ದೂರವಾಣಿ ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿರಿ. ತಂದೆತಾಯಿಗಳ ಪೂರ್ಣ ಹೆಸರನ್ನೂ ಮನೆಯ ವಿಳಾಸವನ್ನೂ ತಡವರಿಸದೆ ಹೇಳಲು ಕಲಿಯಿರಿ. ನಿಮ್ಮನ್ನು ವಶಕ್ಕೆ ಪಡೆದವರನ್ನು ಬಿಟ್ಟು, ಗುರುತಿನವರು ಕರೆದರೂ, ಹೇಳದೆ ಕೇಳದೆ ಹೊರಟುಬಿಡಬೇಡಿರಿ. ಹಸಿವೋ, ಭಯವೋ, ವಾಂತಿಯೋ ಆದರೆ ನಾಚದೆ ಸಿಬ್ಬಂದಿಗೆ ತಿಳಿಸಿರಿ.

ಆ ಒಂದು ಗಂಟೆ ಕಾಲ ಅತ್ತೆಯಾ ಎಂದು ನಾವು ಮಗಳನ್ನು ಕೇಳಿದೆವು. "ಮೊದಲು ಅಳು ಬಂತು. ಆದರೆ ಆ ಅಕ್ಕ ನನ್ನ ಕೈ ಬಿಡಲೇ ಇಲ್ಲವಲ್ಲ, ಆಮೇಲೆ ನಿಂತುಹೋಯಿತು" ಎಂದಳು. ನಮ್ಮ ಮನೆಯ ಮಾಳಿಗೆಯ ಮೇಲೆ ವಿಮಾನಗಳು ಈಗಲೂ ಇಳಿಯುತ್ತಲೇ ಇವೆ. ತಲೆಯೆತ್ತಿ ನೋಡಿದಾಗಲೆಲ್ಲ, ಅದರೊಳಗೆ ಕೊರಳಿಗೆ ಚೀಲ ಹಾಕಿಕೊಂಡ ಮಗುವೊಂದು ಕುಳಿತಿರಬಹುದು, ಅದರ ಕೈಯನ್ನು ಯಾರೋ ಹಿಡಿದಿರಬಹುದು ಎಂಬ ಎಣಿಕೆ ನಮಗೆ ಬರುತ್ತದೆ.